ಸೌಸನ್ ಫೋನು ಕಿತ್ತುಕೊಂಡ ದಿನ

ನಮ್ಮ ಪೋರ್ಟ್ ಫುಆದ್‌ನ ಹೆಣ್ಣುಮಕ್ಕಳ ಶಾಲೆಯಲ್ಲಿ ಸೌಸನ್ ಆಯಾ. ಗಂಡ ಶಹಾತಾ ಹಡಗುಗಳು ಓಡಾಡುವ ಕಾಲುವೆ ದಾಟಿಸುವ ಫೆರಿ ದೋಣಿಯಲ್ಲಿ ಹಗ್ಗ ಕಟ್ಟುವವನು. ಮಗಳು ರೀಹಾಮ್‌ಗೆ ಹದಿಮೂರು. ನಾನು ಅವರ ಕೆಳಗಿನ ಮನೆಯವಳು. ಬೀದಿಯ ಪುಂಡರನ್ನು ಚಪ್ಪಲಿ ಹಿಡಿದು ಓಡಿಸುವ ಸೌಸನ್ ಹೆದರಿದ್ದನ್ನು ಆ ಚಳಿಗಾಲದವರೆಗೆ ನಾನು ಕಂಡಿರಲಿಲ್ಲ.

ಆಗ ಎಲ್ಲರ ಬಾಯಲ್ಲೂ ಒಂದೇ ಮಾತು. ಮಕ್ಕಳಿಗೆ ಸೋಷಿಯಲ್ ಮೀಡಿಯಾ ಬಂದ್ ಮಾಡುವ ಕಾನೂನು ಬೇಕೋ ಬೇಡವೋ ಎಂದು ಸಂಸತ್ತಿನಲ್ಲಿ ಚರ್ಚೆ ನಡೆದಿತ್ತು. ಶಿಕ್ಷಕಿಯರ ಕೋಣೆಯ ಟಿವಿಯಲ್ಲೂ ಅದೇ.

“ಕಾನೂನು ಮಾಡಿ ಏನುಪಯೋಗ? ಹುಟ್ಟಿದ ವರ್ಷ ಸುಳ್ಳು ಹೇಳಿ ಒಳಗೆ ಹೋಗ್ತಾವೆ,” ಎಂದರು ಇನ್ಸಾಫ್ ಟೀಚರ್.

ಚಹಾ ಕೊಡುತ್ತಿದ್ದ ಸೌಸನ್ ಸುಮ್ಮನಿರಲಿಲ್ಲ. “ಹಾಗಂತ ಬಾಗಿಲು ತೆಗೆದಿಟ್ಟು ಮಲಗೋಕಾಗುತ್ತಾ ಟೀಚರ್? ಇವರ ಚರ್ಚೆ ಮುಗಿಯೋ ಹೊತ್ತಿಗೆ ನನ್ನ ಮಗಳಿಗೆ ಮೊಮ್ಮಕ್ಕಳಾಗಿರ್ತವೆ. ನಮ್ಮನೇಲಿ ಇವತ್ತಿಂದ ನಾನೇ ಸರ್ಕಾರ.”

ಎಲ್ಲರೂ ನಕ್ಕರು.

ಮನೆಗೆ ಬಂದವಳೇ ಮಗಳ ಕೈಯಿಂದ ಫೋನು ಕಿತ್ತು, ಆಫ್ ಮಾಡಿ ಜೇಬಿಗಿಳಿಸಿದಳು. ರೀಹಾಮ್ ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಗಡಿಯಾರ ನೋಡಿದಳು.

“ಕೊಡಮ್ಮಾ. ಇಳಿಹೊತ್ತಿನ ಅಸರ್ ಅಜಾನ್ ಕೂಗೋದ್ರೊಳಗೆ ಉತ್ತರ ಕೊಡದಿದ್ರೆ ಅವನು ಎಲ್ಲರಿಗೂ ಕಳಿಸ್ತಾನೆ.”

“ಯಾವನೇ ಅವನು?”

ಇಸ್ಮಾಯಿಲಿಯಾ ಊರಿನ ಮಲಕ್ ಎಂಬ ಹುಡುಗಿಯೆಂದು ನಂಬಿ ರೀಹಾಮ್ ತಿಂಗಳುಗಟ್ಟಲೆ ಹರಟಿದ್ದಳು. ಕೋಣೆಯಲ್ಲಿ ತಲೆವಸ್ತ್ರವಿಲ್ಲದೆ ಕುಣಿದ ವಿಡಿಯೊ ಕಳಿಸಿದ್ದಳು. ಆಮೇಲೊಂದು ದಿನ ಅತ್ತಲಿಂದ ಗಂಡಸಿನ ದನಿ ಬಂತು. ಒಬ್ಬಳೇ ಫೆರಿ ನಿಲ್ದಾಣಕ್ಕೆ ಬಾ, ಇಲ್ಲದಿದ್ದರೆ ವಿಡಿಯೊ ನಿಮ್ಮ ಬಂಧುಬಳಗಕ್ಕೆಲ್ಲ ಹೋಗುತ್ತದೆ ಎಂದಿದ್ದ. ನಾಳೆ, ನಾಡಿದ್ದು ಎಂದು ಹುಡುಗಿ ಮುಂದೂಡುತ್ತಾ ಬಂದಿದ್ದಳು.

“ನನಗ್ಯಾಕೆ ಹೇಳಲಿಲ್ಲ?”

“ಫೋನ್ ಕಿತ್ಕೋತೀಯ ಅಂತ.”

ಕಾಣದ ಆ ಗಂಡಸಿನ ಭಯ ಒಂದು ಕಡೆ. ಮಾನಮರ್ಯಾದೆ ಎಂದರೆ ಪ್ರಾಣ ಬಿಡುವ ಗಂಡನ ಅಣ್ಣ ಅವದ್‌ನ ಭಯ ಇನ್ನೊಂದು ಕಡೆ. ಸೌಸನ್ ಚಿಲಕ ಹಾಕಿದಳು, ಕಿಟಕಿ ಮುಚ್ಚಿದಳು. ಫೋನು ಆನ್ ಮಾಡುವ ಧೈರ್ಯವಿಲ್ಲ, ಮಾಡದಿರುವ ಧೈರ್ಯವೂ ಇಲ್ಲ. ಅಷ್ಟರಲ್ಲಿ ಅಜಾನ್ ಕೇಳಿಸಿತು.

ಶಹಾತಾ ಬಂದಾಗ ತಾಯಿ ಮಗಳು ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಎಲ್ಲವನ್ನೂ ಕೇಳಿದ. ಬೂಟು ಬಿಚ್ಚಲು ಬಗ್ಗಿದವನು ಬಹಳ ಹೊತ್ತು ಬಗ್ಗಿಯೇ ಇದ್ದ. ಸೌಸನ್ ಮಗಳನ್ನು ಬೆನ್ನ ಹಿಂದೆ ಎಳೆದುಕೊಂಡಳು.

“ಅವಳನ್ನ ಯಾಕೆ ಮುಚ್ಚಿಡ್ತೀಯ? ನಾನೇನು ತೋಳನಾ?” ಎನ್ನುತ್ತಾ ಬೂಟಿನ ದಾರ ಮತ್ತೆ ಬಿಗಿದ. “ಏಳಿ, ಪೊಲೀಸರ ಹತ್ರ ಹೋಗೋಣ.”

“ಊರಿಗೆಲ್ಲ ಗೊತ್ತಾಗುತ್ತೆ, ರೀಹಾಮ್ ಅಪ್ಪ.”

“ಹುಡುಗಿ ಕಾಲುವೆಗೆ ಹಾರಿದ್ರೆ ಗೊತ್ತಾಗಲ್ವಾ?”

ಕಾಲುವೆಯಾಚೆಯ ಠಾಣೆಗೆ ಹೋಗುವಾಗ ಫೆರಿಯಲ್ಲಿ ಫೋನು ಹಿಡಿದ ಪ್ರತಿಯೊಬ್ಬ ಗಂಡಸೂ ಅವನೇ ಎನಿಸಿತು ಸೌಸನ್‌ಗೆ. ಮೊಮ್ಮಗುವಿನ ಚಿತ್ರ ನೋಡಿ ನಗುತ್ತಿದ್ದ ಮುದುಕನನ್ನು ಕಂಡೂ ಮಗಳ ತೋಳು ಬಿಗಿಯಾಗಿ ಹಿಡಿದಳು. ಠಾಣೆಯ ಅಧಿಕಾರಿ ದೂರು ಬರೆದುಕೊಂಡು, “ಏನನ್ನೂ ಅಳಿಸಬೇಡಿ, ಅವನಿಗೆ ಉತ್ತರ ಕೊಡಬೇಡಿ,” ಎಂದು ಫೋನು ಇಟ್ಟುಕೊಂಡ.

ಆ ವಾರವೇ ವಿಡಿಯೊ ಅವದ್‌ಗೆ ತಲುಪಿತು. ಅವನ ಕರೆ ಬಂದಾಗ ಸೌಸನ್ ಬಾಗಿಲ ಚಿಲಕ ಹಾಕಿ ಬಂದು ಫೋನು ಎತ್ತಿದಳು.

“ಯಾವನೋ ನಾಯಿ ಏನೋ ಕಳಿಸಿದ್ದ,” ಎಂದ ಅವದ್. “ಪೊಲೀಸರಿಗೆ ತೋರಿಸಿ ಅಳಿಸಿಬಿಟ್ಟೆ. ಹುಡುಗಿ ಊಟ ಮಾಡ್ತಿದಾಳಾ?”

ಸೌಸನ್ ಫೋನನ್ನು ಮಗಳ ಕೈಗೆ ಕೊಟ್ಟಳು.

ಆ ಮನುಷ್ಯ ಸಿಗಲಿಲ್ಲ. ಮಲಕ್ ಹೆಸರಿನ ಖಾತೆಯೇ ಮಾಯವಾಯಿತು. ಮೊನ್ನೆ ಮೆಟ್ಟಿಲ ಮೇಲೆ ಸೌಸನ್ ನನಗೆ ಹೇಳಿದಳು: “ಈಗ ಯಾವ ಹೆಸರಿಟ್ಕೊಂಡು ಯಾರ ಮಗಳ ಜೊತೆ ಮಾತಾಡ್ತಿದಾನೋ ಅಕ್ಕಾ. ಅದನ್ನ ನೆನೆಸಿಕೊಂಡ್ರೆ ನಿದ್ದೆ ಬರಲ್ಲ.”

ಶಾಲೆಯಲ್ಲಿ ಯಾವ ಹುಡುಗಿ ತಿಂಡಿ ಬಿಟ್ಟು ಮೂಲೆ ಹಿಡಿದರೂ ಈಗ ಅವಳು ಹೋಗಿ ಪಕ್ಕದಲ್ಲಿ ಕೂರುತ್ತಾಳೆ. ಬೈಯುವುದಿಲ್ಲ, ಏನನ್ನೂ ಕೇಳುವುದಿಲ್ಲ.