ಕಲ್ಯಾಣಮ್ಮ ಮಿಸ್ ಕೇಳಿಕೊಂಡ ಎರಡು ತಿಂಗಳು

ಚಾಮರಾಜಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಇವತ್ತು ಗಣಿತ ಪಾಠ ಮಾಡುವ ರಂಜಿನಿ, ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅದೇ ಗಣಿತದಲ್ಲಿ ನೂರಕ್ಕೆ ಹತ್ತೊಂಬತ್ತು ತೆಗೆದಿದ್ದಳು. ಅದನ್ನು ಅವಳು ಯಾರಿಂದಲೂ ಮುಚ್ಚಿಡುವುದಿಲ್ಲ. ಆ ವರ್ಷ ಅವಳು ಶಾಲೆಯ ಖೋ ಖೋ ತಂಡದಲ್ಲಿ ಎಲ್ಲರಿಗಿಂತ ಚುರುಕು. ವಲಯ ಮಟ್ಟದ ಪಂದ್ಯದಲ್ಲಿ ಅವಳೊಬ್ಬಳನ್ನು ಮುಟ್ಟುವಷ್ಟರಲ್ಲಿ ಎದುರಾಳಿಗಳು ಸುಸ್ತಾಗಿಹೋಗಿದ್ದರು.

ಅಪ್ಪ ಮುತ್ತುರಾಜ್ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು, ಅವರ ಮನೆತನದಲ್ಲಿ ಓದಿ ಕೆಲಸ ಹಿಡಿದ ಮೊದಲಿಗರು. ಅಂಕಪಟ್ಟಿ ನೋಡಿ ಅವರು ಬೈಯಲಿಲ್ಲ. ಮಗಳ ಶೂ ಎತ್ತಿ ಅಟ್ಟದ ಮೇಲಿಟ್ಟರು.

"ಆಡಿದ್ದು ಸಾಕಮ್ಮ. ನಾನು ಓದ್ದೇ ಇದ್ದಿದ್ರೆ ನಾವೆಲ್ಲಿರ್ತಿದ್ವಿ ಅಂತ ನಿಂಗೆ ಗೊತ್ತಿಲ್ಲ."

ರಂಜಿನಿ ನಾಲ್ಕು ಗಂಟೆಗೆ ಮನೆ ಸೇರಿ ಪುಸ್ತಕ ತೆರೆದು ಕೂರುತ್ತಿದ್ದಳು. ಕೂತದ್ದಷ್ಟೇ ಬಂತು. ಅದೇ ಪುಟ ಗಂಟೆಗಟ್ಟಲೆ ತೆರೆದಿರುತ್ತಿತ್ತು. ಹೊತ್ತಿಗೆ ಮುಂಚೆ ನಿದ್ದೆ, ಊಟಕ್ಕೆ ಕರೆದರೆ ಬೇಡ. ಜನವರಿಯ ಟೆಸ್ಟಿನಲ್ಲಿ ಗಣಿತಕ್ಕೆ ನೂರಕ್ಕೆ ಹನ್ನೆರಡು ಬಂತು. ಆಟ ಬಿಟ್ಟರೆ ಓದು ತಾನಾಗಿ ಬರುತ್ತದೆಂದು ನಂಬಿದ್ದ ಅಪ್ಪನಿಗೆ ಏನು ಮಾಡಬೇಕೋ ತೋಚಲಿಲ್ಲ.

ಅಂಕ ಬಂದ ವಾರದ ಭಾನುವಾರ ಬೆಳಿಗ್ಗೆ ಪಿ.ಟಿ. ಟೀಚರ್ ಕಲ್ಯಾಣಮ್ಮ ಮನೆಗೆ ಬಂದರು. ರಂಜಿನಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

"ಸಾರ್, ನಂಗೆ ಎರಡು ತಿಂಗಳು ಕೊಡಿ. ಬೆಳಿಗ್ಗೆ ಆರಕ್ಕೆ ಗ್ರೌಂಡಿಗೆ ಕಳಿಸಿ. ಆಡಿಸಿದ್ಮೇಲೆ ಅರ್ಧ ಗಂಟೆ ಲೆಕ್ಕ ಮಾಡಿಸ್ತೀನಿ. ಮಾರ್ಕ್ಸ್ ಬರ್ಲಿಲ್ಲ ಅಂದ್ರೆ ನಾನೇ ಟೀಮಿಂದ ತೆಗೀತೀನಿ."

"ನಿಮಗೆ ಗಣಿತ ಬರತ್ತಾ ಮೇಡಂ?"

"ಇಲ್ಲ ಸಾರ್. ಎಸ್ಸೆಸ್ಸೆಲ್ಸೀಲಿ ಎರಡನೇ ಸಲಕ್ಕೆ ಮೂವತ್ತೈದು ಬಂತು."

ಅಪ್ಪ ಅಟ್ಟದ ಮೇಲಿನ ಶೂ ಕಡೆ ನೋಡಿದರು. ಕಾಫಿ ತಂದ ಅಮ್ಮ ನರಸಮ್ಮನೇ ಹೇಳಿದಳು: "ಮನೇಲಿ ಕೂರ್ಸಿ ನೋಡಿದ್ದಾಯ್ತಲ್ಲ. ಕಳಿಸಿ ನೋಡೋಣ."

ಮರುದಿನದಿಂದ ಆಟ ಮುಗಿದೊಡನೆ ಮೈದಾನದ ಕಲ್ಲುಮೆಟ್ಟಿಲ ಮೇಲೆ ಇಬ್ಬರೂ ಕೂರುತ್ತಿದ್ದರು. ಮಿಸ್ ಪಾಠ ಹೇಳುತ್ತಿರಲಿಲ್ಲ, ಹೇಳಿಸಿಕೊಳ್ಳುತ್ತಿದ್ದರು. "ನಿನ್ನೆ ಕ್ಲಾಸಲ್ಲಿ ಮಾಡಿದ್ದು ನಂಗೆ ಅರ್ಥ ಆಗೋ ಹಾಗೆ ಹೇಳು." ಅವರಿಗೆ ನಿಜಕ್ಕೂ ಅರ್ಥವಾಗುತ್ತಿರಲಿಲ್ಲ. ಒಂದು ದಿನ ಪೆನ್ಸಿಲ್ ಊರಿ ಕೇಳಿದರು: "ಮೈನಸ್ಸನ್ನ ಮೈನಸ್ಸಿಂದ ಗುಣಿಸಿದ್ರೆ ಪ್ಲಸ್ ಯಾಕಾಗತ್ತೆ?"

ರಂಜಿನಿಗೆ ಗೊತ್ತಿರಲಿಲ್ಲ. ಮಿಸ್‌ಗೆ ಉತ್ತರ ಹೇಳಲೇಬೇಕಿತ್ತು. ಹಾಗಾಗಿ ಅವತ್ತು ಹಿಂದಿನ ಬೆಂಚಿನಿಂದ ಎದ್ದು ನಿಂತು ಗಣಿತದ ಯೋಗಾನಂದ ಮೇಷ್ಟ್ರನ್ನು ಕೇಳಿದಳು. ಅವಳು ತರಗತಿಯಲ್ಲಿ ಬಾಯಿ ಬಿಟ್ಟದ್ದೇ ಅದು ಮೊದಲು. ಮೇಷ್ಟ್ರು ಚಾಕ್‌ಪೀಸ್ ಕೆಳಗಿಟ್ಟು ಅವಳನ್ನೊಮ್ಮೆ ನೋಡಿ, ಬೋರ್ಡಿನ ಮೇಲೆ ಬರೆದಿದ್ದನ್ನೆಲ್ಲ ಅಳಿಸಿ ಮೊದಲಿಂದ ವಿವರಿಸಿದರು.

ಮೈದಾನದಲ್ಲಿ ಔಟಾದರೆ ನಕ್ಕು ಆಚೆ ಬರುತ್ತಿದ್ದ ಹುಡುಗಿ, ಲೆಕ್ಕ ತಪ್ಪಾದರೆ ಮಾತ್ರ ಕುಗ್ಗಿಹೋಗುತ್ತಿದ್ದಳು. ಮಿಸ್ ಅದನ್ನು ಗಮನಿಸಿದ್ದರು. "ತಪ್ಪಾಯ್ತಾ? ಔಟಾದೆ, ಅಷ್ಟೇ ತಾನೆ. ಇನ್ನೊಂದು ಟರ್ನ್ ಇದೆಯಲ್ಲ, ಮಾಡು." ಬೆವರಿನ್ನೂ ಆರದ ಮೈಯಲ್ಲಿ, ಬೆಳಗಿನ ಗಾಳಿಗೆ ಮುಖ ಕೊಟ್ಟು ಕೂತಾಗ ಆ ಮಾತು ನಂಬುವಂತಿರುತ್ತಿತ್ತು. ಹಸಿವಾಗತೊಡಗಿತು. ರಾತ್ರಿ ಕಣ್ತುಂಬ ನಿದ್ದೆ ಬಂತು.

ಮಾರ್ಚಿನ ವಾರ್ಷಿಕ ಪರೀಕ್ಷೆಯಲ್ಲಿ ನಲವತ್ತನಾಲ್ಕು ಬಂತು. ಅಂಕಪಟ್ಟಿಗೆ ಸಹಿ ಹಾಕುತ್ತಾ ಅಪ್ಪ ಕೇಳಿದ್ದು ಒಂದೇ ಮಾತು: "ರಜೇಲೂ ಪ್ರಾಕ್ಟೀಸ್ ಇರತ್ತಾ?"

ಮುಂದಿನ ವರ್ಷ ತಂಡ ಜಿಲ್ಲಾ ಮಟ್ಟದ ಸೆಮಿಫೈನಲ್‌ನಲ್ಲಿ ಸೋತಿತು. ರಂಜಿನಿ ಎರಡು ದಿನ ಅತ್ತಳು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎಂಬತ್ಮೂರು ಬಂತು. ಅಪ್ಪ ಗಾಂಧಿ ಬಜಾರಿನಲ್ಲಿ ಹೂವು, ಹಣ್ಣು ಕೊಂಡು ಮಗಳನ್ನು ಕರೆದುಕೊಂಡು ಮಿಸ್ ಮನೆಗೆ ಹೋದರು.

"ನಾನು ತಪ್ಪು ತಿಳ್ಕೊಂಡಿದ್ದೆ ಮೇಡಂ," ಎಂದರು. ಅಪ್ಪ ಯಾರ ಮುಂದಾದರೂ ಹಾಗೆ ಹೇಳಿದ್ದನ್ನು ರಂಜಿನಿ ಅಲ್ಲಿಯವರೆಗೆ ಕೇಳಿರಲಿಲ್ಲ.

"ಓದಿದ್ದು ಅವಳು ಸಾರ್. ನಾನೂ ಒಂದಿಷ್ಟು ಕಲಿತೆ," ಎಂದರು ಮಿಸ್.

ಹೋದ ತಿಂಗಳು ರಂಜಿನಿ ಕೆಲಸ ಮಾಡುವ ಶಾಲೆಯಲ್ಲಿ ಹತ್ತನೇ ತರಗತಿಯ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡುವ ಮಾತು ಬಂತು. ಅವಳು ಹೆಡ್‌ಮಿಸ್ ಸುಂದರಮ್ಮನವರ ಬಳಿ ಹೋಗಿ, "ನಂಗೆ ಬೇಡ ಮೇಡಂ, ಮಕ್ಕಳು ಆಡ್ಲಿ," ಎಂದಳು. ಆಡಿದವರೆಲ್ಲ ರ‍್ಯಾಂಕ್ ತೆಗೆಯುತ್ತಾರೆಂದು ಅವಳು ಹೇಳಲಿಲ್ಲ. ತನಗೇನಾಯಿತೆಂದು ಹೇಳಿದಳು. ಪೀರಿಯಡ್ ಉಳಿಯಿತು.

ನಿವೃತ್ತರಾದ ಕಲ್ಯಾಣಮ್ಮ ಈಗ ಮಲ್ಲೇಶ್ವರದಲ್ಲಿ ತಂಗಿಯ ಜೊತೆಗಿದ್ದಾರೆ. ಮಂಡಿ ನೋವು, ಹೆಚ್ಚು ಓಡಾಡಲಾರರು. ಕಳೆದ ಭಾನುವಾರ ರಂಜಿನಿ ಮೆಟ್ರೊದಲ್ಲಿ ಹೋಗಿ ಪೀರಿಯಡ್ ಉಳಿದ ಸುದ್ದಿ ಹೇಳಿದಳು. ಎಷ್ಟೋ ವರ್ಷ ಬಾಯಿಗೆ ಬಂದೂ ನುಂಗಿಕೊಂಡಿದ್ದ ಮಾತನ್ನೂ ಅವತ್ತು ಆಡಿದಳು.

"ಮಿಸ್, ನೀವು ಅವತ್ತು ಮನೆಗೆ ಬರದೇ ಇದ್ದಿದ್ರೆ ನಾನು ಏನಾಗ್ತಿದ್ನೋ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಮ್ಮಿ."

ಕಲ್ಯಾಣಮ್ಮ ಅವಳ ಕೈ ಹಿಡಿದುಕೊಂಡರು. ಆಮೇಲೆ, "ಹುಳಿ ಮಾಡಿದೀವಿ, ಊಟ ಮಾಡ್ಕೊಂಡು ಹೋಗು," ಎಂದರು.