ಮನೋಳಿಯ ಎಡೆಕುಂಟೆ ಮತ್ತು ನನ್ನ ಬಾಯಿ

ಹೋದ ಮಂಗಳವಾರ ಬೆಳಗ್ಗೆ ನಮ್ಮ ಆಫೀಸಿನ ಸುಧಾ ನನ್ನ ಟೇಬಲ್ ಮೇಲೆ ಪತ್ರಿಕೆಯ ಒಂದು ತುಂಡು ತಂದಿಟ್ಟಳು. ನೋಡಿದರೆ ನನ್ನದೇ ಅಂಕಣ. ಮೇಲೆ ನನ್ನದೇ ಫೋಟೋ. (ತಲೆ ತುಂಬ ಕೂದಲಿರುವ ಹಳೆಯ ಫೋಟೋ. ಬದಲಾಯಿಸಿ ಎಂದು ಪತ್ರಿಕೆಯವರಿಗೆ ನಾನಾಗಿಯೇ ಹೇಳಿಲ್ಲ.)

ಕತ್ತರಿಸಿ ಇಟ್ಟುಕೊಂಡಿದ್ದಾಳಲ್ಲ ಎಂದು ಒಳಗೊಳಗೇ ಹಿಗ್ಗಿದೆ.

‘ಇದನ್ನ ನೀವ ಬರ್ದೀರೇನ್ರಿ ಸರ್?’ ಎಂದಳು.

ಹೌದು, ಹೇಗಿದೆ ಎಂದೆ.

‘ಚಲೋ ಐತ್ರಿ. ಆದ್ರ ದಾದಾಪೀರಣ್ಣನ ಪೇಟೆಂಟ್ ಹೋತ್ರಿ.’

ಆ ತುಂಡನ್ನು ಕಸಿದುಕೊಂಡು ಮೊದಲ ಸಾಲಿನಿಂದ ಮತ್ತೆ ಓದತೊಡಗಿದೆ.

ಹೊಸ ಓದುಗರಿಗೆ ನನ್ನ ಹೊಟ್ಟೆಪಾಡಿನ ಕೆಲಸ ಏನು ಎಂದು ಹೇಳಿಬಿಡುತ್ತೇನೆ. ನಾನೊಂದು ವಿಶ್ವವಿದ್ಯಾಲಯದ ಟೆಕ್ನಾಲಜಿ ಟ್ರಾನ್ಸ್‌ಫರ್ ಆಫೀಸರ್. ಯಾರಾದರೂ ಹೊಸದೇನನ್ನಾದರೂ ಕಂಡುಹಿಡಿದರೆ ಅದಕ್ಕೆ ಪೇಟೆಂಟ್ ಮಾಡಿಸುವುದು, ಆಮೇಲೆ ಅದನ್ನು ತಯಾರಿಸುವ ಕಂಪನಿ ಹುಡುಕುವುದು ನನ್ನ ಕೆಲಸ. ಪೇಟೆಂಟ್ ಎಂದರೆ ಕಂಡುಹಿಡಿದವರಿಗೆ ಸರ್ಕಾರ ಕೊಡುವ ಹಕ್ಕುಪತ್ರ. ಅವರನ್ನು ಕೇಳದೆ ಇಷ್ಟು ವರ್ಷ ಬೇರೆಯವರು ಅದನ್ನು ಮಾಡಿ ಮಾರುವಂತಿಲ್ಲ. ಆದರೆ ಒಂದು ಷರತ್ತು. ಅರ್ಜಿ ಹಾಕುವ ಮೊದಲು ಅದರ ಗುಟ್ಟು ಊರಿಗೆಲ್ಲ ಗೊತ್ತಾಗಿರಬಾರದು.

ಹಾಗಾಗಿ ನನ್ನ ಕೆಲಸದಲ್ಲಿ ಅರ್ಧ ಭಾಗ ಬೇರೆಯವರ ಬಾಯಿ ಮುಚ್ಚಿಸುವುದೇ ಆಗಿದೆ. ನಮ್ಮಲ್ಲೊಬ್ಬ ಪ್ರಾಧ್ಯಾಪಕರು ತಾವು ಮಾಡಿದ ರೊಟ್ಟಿ ಬಡಿಯುವ ಯಂತ್ರದ ವಿಡಿಯೋವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದಕ್ಕೆ ಅರ್ಧ ಗಂಟೆ ಪಾಠ ಮಾಡಿದ್ದೆ. ಅಷ್ಟು ಓದಿದವರಿಗೆ ಇಷ್ಟೂ ತಿಳಿಯಬಾರದೇ?

ಇನ್ನು ನನ್ನ ಭಾನುವಾರಗಳು. ಅಂದು ನನ್ನನ್ನು ಮನೆಯಲ್ಲಿ ಹಿಡಿದಿಡುವವರಿಲ್ಲ. ಬೈಲಹೊಂಗಲದಲ್ಲಿ ಬೈಕ್ ಹತ್ತಿದರೆ ಸವದತ್ತಿ, ಮನೋಳಿ, ಒಮ್ಮೊಮ್ಮೆ ರಾಮದುರ್ಗದವರೆಗೂ ಹೋಗುತ್ತೇನೆ. ವೆಲ್ಡಿಂಗ್ ಅಂಗಡಿ, ಕಮ್ಮಾರಸಾಲೆ, ಗ್ಯಾರೇಜು ಕಂಡಲ್ಲೆಲ್ಲ ನಿಲ್ಲುತ್ತೇನೆ. (ದೇವಸ್ಥಾನ ಕಂಡರೆ ಹೀಗೆ ನಿಲ್ಲುವುದಿಲ್ಲ ಎಂದು ಹೆಂಡತಿಯ ದೂರು. ಒಮ್ಮೆ ಯಲ್ಲಮ್ಮನ ಗುಡ್ಡಕ್ಕೆಂದು ಕರೆದುಕೊಂಡು ಹೊರಟು, ಉಗರಗೋಳದಲ್ಲಿ ಟ್ರಾಲಿ ರಿಪೇರಿಯವರ ಹತ್ತಿರ ಒಂದು ತಾಸು ಕೂರಿಸಿದ್ದೆ.)

ಹಾಗೆ ನಿಂತಾಗ ಸಿಕ್ಕವರೇ ದಾದಾಪೀರಣ್ಣ. ಮನೋಳಿಯಲ್ಲಿ ಅವರದೊಂದು ವೆಲ್ಡಿಂಗ್ ಅಂಗಡಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟವರು. ಕಬ್ಬಿಣದ ಜೊತೆ ಮಾತ್ರ ಮಾತಾಡುವಂಥ ಮನುಷ್ಯ.

ಅವರು ಒಂದು ಎಡೆಕುಂಟೆ ಮಾಡಿದ್ದರು. ಎಡೆಕುಂಟೆ ಎಂದರೆ ಬೆಳೆಯ ಸಾಲುಗಳ ನಡುವಿನ ಕಳೆ ತೆಗೆಯುವ ಸಾಧನ. ಇದು ಕೈಯಿಂದ ತಳ್ಳುವಂಥದ್ದು. ಉಳ್ಳಾಗಡ್ಡಿಯ ಸಾಲು ಕಿರಿದು, ಹತ್ತಿಯದು ಅಗಲ. ಬೆಳೆ ಬದಲಾದಾಗಲೆಲ್ಲ ಪಾನಾ ಹಿಡಿದು ನಟ್ಟು ಸಡಿಲಿಸಿ ಕುಡಗಳನ್ನು, ಅಂದರೆ ಕಳೆ ಕತ್ತರಿಸುವ ಅಲಗುಗಳನ್ನು, ಸರಿಸಬೇಕು. ದಾದಾಪೀರಣ್ಣನ ಎಡೆಕುಂಟೆಗೆ ಪಾನಾ ಬೇಡ. ಕಾಲಿನಿಂದ ಒಮ್ಮೆ ಒತ್ತಿದರೆ ಸಾಕು, ಕುಡಗಳು ಸರಿದು ಮುಂದಿನ ಕಚ್ಚಿಗೆ ಕೂರುತ್ತವೆ. ಮೊದಲ ಸಲ ನೋಡಿದಾಗ ನಾನು ಅಲ್ಲೇ ನಿಂತು ಇಪ್ಪತ್ತು ಸಲ ಒತ್ತಿದ್ದೆ. ಅವರು ಬೇಸರಿಸದೆ ನೋಡುತ್ತ ನಿಂತಿದ್ದರು.

ಇದಕ್ಕೆ ಪೇಟೆಂಟ್ ಮಾಡಿಸೋಣ ಎಂದೆ. ಅವರ ಕಣ್ಣು ಅರಳಿದವು. ಹಿಂದೊಮ್ಮೆ ಅವರು ಮಾಡಿದ ಮೇವು ಕತ್ತರಿಸುವ ಯಂತ್ರವನ್ನು ಯಾವುದೋ ದೊಡ್ಡ ಊರಿನ ಅಂಗಡಿಯವರು ಹಾಗೇ ನಕಲು ಮಾಡಿ, ತಮ್ಮ ಹೆಸರು ಕೆತ್ತಿಸಿ ಮಾರಿದ್ದರಂತೆ. ಈ ಸಲ ನನ್ನ ಹೆಸರು ಬರಲಿ ಎಂದರು. ಅಷ್ಟೇ ಅವರ ಆಸೆ. ಹಕ್ಕುಪತ್ರ ತೂಗುಹಾಕಲು ಅಂಗಡಿಯ ಗೋಡೆಗೆ ಮೊಳೆಯನ್ನೂ ಹೊಡೆದರು.

ಅರ್ಜಿ ಸಿದ್ಧವಾಗುವ ತನಕ ಯಾರಿಗೂ ತೋರಿಸಬೇಡಿ ಎಂದು ತಾಕೀತು ಮಾಡಿ ಬಂದೆ. ಅವರು ಅದನ್ನು ಅಕ್ಷರಶಃ ಪಾಲಿಸಿದರು. ಅವರ ಹೆಂಡತಿ ಹಸೀನಾಬಿಯ ತಮ್ಮ ರೈತ. ಅಕ್ಕನ ಮನೆಗೆ ಬಂದವನು ಒಮ್ಮೆ ನೋಡುತ್ತೇನೆ ಎಂದರೂ ತೋರಿಸಲಿಲ್ಲ. ಆತ ಊಟ ಮಾಡದೆ ಎದ್ದುಹೋದನಂತೆ.

ಆಮೇಲೆ ಒಂದು ಗುರುವಾರ ಬಂತು. ಶುಕ್ರವಾರ ಮಧ್ಯಾಹ್ನದೊಳಗೆ ಅಂಕಣ ಕೊಡಬೇಕು. ತಲೆ ಖಾಲಿ. ದಾದಾಪೀರಣ್ಣನಿಗೆ ಫೋನ್ ಮಾಡಿ, ನಿಮ್ಮ ಬಗ್ಗೆ ಬರೆಯಲೇ ಎಂದೆ. ‘ಹೂಂ, ಬರೀರಿ’ ಎಂದರು.

ಬರೆದೆ. ಏನೆಂದು ಬರೆದೆ? ಆ ಕುಡಗಳು ಹೇಗೆ ಸರಿಯುತ್ತವೆ, ಹಳೆಯ ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗ್ ಎಲ್ಲಿ ಕೂತಿದೆ, ಕಚ್ಚು ಎಷ್ಟು, ಎಲ್ಲ. ಬಹಳ ಸೊಗಸಾಗಿ ಬರೆದೆ. ಓದಿದ ಯಾವ ವೆಲ್ಡರ್ ಆದರೂ ಎರಡು ದಿನದಲ್ಲಿ ಮಾಡಿಬಿಡಬಹುದು, ಅಷ್ಟು ಸೊಗಸಾಗಿ. ಆಗ ಅರ್ಜಿ ಇನ್ನೂ ಸುಧಾಳ ಕಂಪ್ಯೂಟರಿನಲ್ಲೇ ಇತ್ತು. ಬರೆಯುವಾಗ ನಾನು ಆಫೀಸರ್ ಎಂಬುದು ನನಗೇ ಮರೆತುಹೋಗಿತ್ತು. ನಾನು ಬರೀ ಅಂಕಣಕಾರನಾಗಿದ್ದೆ.

ಇಂಥ ತಪ್ಪಿಗೆ ಏನು ಶಿಕ್ಷೆ, ನೀವೇ ಹೇಳಿ.

ಮಂಗಳವಾರವಿಡೀ ಕಾನೂನು ಪುಸ್ತಕ ತಿರುವಿ ಹಾಕಿದೆ. ಒಂದು ಕಿಂಡಿ ಕಂಡಿತು. ಕಂಡುಹಿಡಿದವರ ಒಪ್ಪಿಗೆ ಇಲ್ಲದೆ ಬೇರೆ ಯಾರಾದರೂ ಗುಟ್ಟು ಪ್ರಕಟಿಸಿದ್ದರೆ, ಅದು ತಿಳಿದ ಕೂಡಲೇ ಅರ್ಜಿ ಹಾಕಿದಲ್ಲಿ ಹಕ್ಕು ಉಳಿಯುತ್ತದೆ. ಅಂದರೆ, ನನ್ನನ್ನು ಕೇಳದೆ ಈ ಮನುಷ್ಯ ಬರೆದ ಎಂದು ದಾದಾಪೀರಣ್ಣ ಬರೆದುಕೊಟ್ಟರೆ ಸಾಕು. ಬೈಗುಳ ನನಗೆ, ಪೇಟೆಂಟ್ ಅವರಿಗೆ. ತಪ್ಪು ನನ್ನದು ತಾನೆ, ನಾನೇ ಕಳ್ಳನಾಗುತ್ತೇನೆ ಎಂದುಕೊಂಡೆ. ನನ್ನ ತ್ಯಾಗಕ್ಕೆ ನನಗೇ ಕಣ್ಣು ಒದ್ದೆಯಾದವು. ಸುಧಾ ಪತ್ರ ಟೈಪ್ ಮಾಡಿಕೊಟ್ಟಳು.

ಬುಧವಾರವೇ ರಜೆ ಹಾಕಿ ಮನೋಳಿಗೆ ಹೋದೆ.

ಹಸೀನಾಬಿ ಚಹಾ ಕೊಟ್ಟರು, ಮುಖ ಕೊಡಲಿಲ್ಲ. ‘ನನ್ನ ತಮ್ಮಗ ತೋರಸಲಾರದ್ದು ಪೇಪರ್‌ದಾಗ ಬಂತಲ್ರಿ ಅಣ್ಣಾರ’ ಎಂದಷ್ಟೇ ಹೇಳಿ ಒಳಗೆ ಹೋದರು. ತಮ್ಮ ಅದನ್ನು ಚಹಾದಂಗಡಿಯಲ್ಲಿ ಕೂತು ಓದಿದ್ದನಂತೆ. ಅಂದಿನಿಂದ ಫೋನೂ ಇಲ್ಲವಂತೆ.

ದಾದಾಪೀರಣ್ಣನಿಗೆ ಎಲ್ಲ ಬಿಡಿಸಿ ಹೇಳಿದೆ. ಪತ್ರ ಓದಿದೆ. ಪೆನ್ನು ಕೈಗೆ ಕೊಟ್ಟೆ. ಅವರು ಪತ್ರವನ್ನು ತಾವೇ ಇನ್ನೊಮ್ಮೆ ಬೆರಳಿಟ್ಟು ಓದಿಕೊಂಡರು.

‘ನೀವು ಕೇಳಿದ್ರಿ. ನಾ ಹೂಂ ಅಂದೆ. ಅಂದಿಲ್ಲ ಅಂತ ಹೆಂಗ ಸಹಿ ಮಾಡ್ಲಿ ಸಾಹೇಬ್ರ?’

ಇದು ಬರೀ ಕಾಗದ, ಇದರಿಂದ ನನಗೇನೂ ಆಗುವುದಿಲ್ಲ ಎಂದೆ. (ಅದೂ ಪೂರ್ತಿ ನಿಜವಲ್ಲ.)

‘ನಿಮಗ ಆಗೂದಿಲ್ಲ ಬಿಡ್ರಿ. ನನಗ ಆಗತೈತಿ.’

ಪೆನ್ನಿಗೆ ಮುಚ್ಚಳ ಹಾಕಿ ವಾಪಸ್ ಕೊಟ್ಟರು. ಅವರ ಮುಖ ಬಾಡಿದ್ದು ಕಂಡಿತು. ಬೇಕಿತ್ತು ಅವರಿಗೆ ಆ ಹಕ್ಕುಪತ್ರ. ನಕ್ಕು ಹಗುರ ಮಾಡುವಷ್ಟು ಸಣ್ಣ ಆಸೆಯಲ್ಲ ಅದು. ನನಗೆ ನಾಚಿಕೆಯಾಯಿತು. ಅಂಕಣ ಬರೆದದ್ದಕ್ಕೆ ಆದ ನಾಚಿಕೆಗಿಂತ ಆ ಪತ್ರ ತಂದದ್ದಕ್ಕೆ ಆದದ್ದೇ ಹೆಚ್ಚು. ಇಂಥ ಮನುಷ್ಯನ ಕೈಯಲ್ಲಿ ಸುಳ್ಳು ಹೇಳಿಸುವುದನ್ನು ನಾನು ಉಪಕಾರ ಎಂದುಕೊಂಡಿದ್ದೆನಲ್ಲ.

ತಪ್ಪಾಯಿತು ಎಂದೆ.

ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, ರಾಮದುರ್ಗದ ಕಡೆಯ ನಾಲ್ಕು ಮಂದಿ ರೈತರು ನಿಮ್ಮ ಬರಹ ಓದಿ ಎಡೆಕುಂಟೆ ಕೇಳಿಕೊಂಡು ಬಂದಿದ್ದರು ಎಂದು ಸಮಾಧಾನ ಹೇಳಿದರು. ಸಮಾಧಾನ ಹೇಳಬೇಕಾದವನು ಯಾರು, ಹೇಳುತ್ತಿದ್ದವರು ಯಾರು? ಹಸೀನಾಬಿಯ ತಮ್ಮನ ಮನೆಗೆ ನಾನೇ ಹೋಗಿ ಕ್ಷಮೆ ಕೇಳಿ ಬರುತ್ತೇನೆಂದು ಮಾತು ಕೊಟ್ಟೆ. ಹೋಗಿಯೂ ಬಂದೆ. ಆತ ಊಟ ಮಾಡಿಸಿಯೇ ಕಳಿಸಿದ. (ಆದರೆ ಬಡಿಸುವ ಮೊದಲು ಅರ್ಧ ತಾಸು ಬೈದ.)

ಅಂದು ಮನೋಳಿಯಲ್ಲಿ ಬೈಕ್ ಹತ್ತುವಾಗ ದಾದಾಪೀರಣ್ಣ ತಡೆದರು. ಒಳಗೆ ಹೋಗಿ ಎರಡು ಕೈಯಲ್ಲಿ ಏನನ್ನೋ ಎತ್ತಿಕೊಂಡು ಬಂದರು. ಹೊಸದಂತೆ. ಶೇಂಗಾ ಬಿಡಿಸುವುದಕ್ಕಂತೆ. ನಾನು ಗಾಬರಿಯಾಗಿ ಮುಖ ತಿರುಗಿಸಿದೆ. ಮೊದಲು ಅರ್ಜಿ, ಆಮೇಲೆ ತೋರಿಸಿ, ನನಗಂತೂ ತೋರಿಸಲೇಬೇಡಿ ಎಂದೆ.

‘ನಿಮಗ ತೋರಸದ ಇನ್ಯಾರಿಗೆ ತೋರಸ್ಲಿ?’ ಎಂದರು.

ಈ ಮನುಷ್ಯನಿಗೆ ಗುಟ್ಟು ಕಾಯುವುದನ್ನು ನಾನು ಯಾವ ಮುಖ ಇಟ್ಟುಕೊಂಡು ಕಲಿಸಲಿ?