ಒಂದೇ ಏಟು ಅಂದಿದ್ದೆ

ನನ್ನ ಹೆಂಡತಿಯ ಕೈ ಮುರಿದವನು ನಾನೇ. ಪಿರಿಯಾಪಟ್ಟಣದ ಹತ್ತಿರ ನಮ್ಮದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಹದ ಮಾಡುವ ಬ್ಯಾರನ್ನಿನ ಬೆಂಕಿ ನೋಡ್ಕೋ ಅಂತ ಅವಳಿಗೆ ಹೇಳಿ ಪೇಟೆಗೆ ಹೋಗಿದ್ದೆ. ಎರಡು ದಿನ ನಿದ್ದೆಗೆಟ್ಟಿದ್ದವಳು ಕೂತಲ್ಲೇ ತೂಕಡಿಸಿದ್ದಳು. ಬಂದು ನೋಡಿದರೆ ಕಾವು ಏರಿ ಸೊಪ್ಪೆಲ್ಲ ಕಪ್ಪು. ಒಲೆ ಪಕ್ಕದ ಸೌದೆ ಎತ್ತಿಕೊಂಡೆ.

ಅವಳು ಮಗಳನ್ನು ಕರೆದುಕೊಂಡು ಸರಗೂರಿನ ತವರಿಗೆ ಹೋದಳು. ಕರೆಯಲು ಹೋದಾಗ ಅವಳ ತಮ್ಮ ಬಾಗಿಲಲ್ಲೇ ತಡೆದ. "ನಿಮ್ಮನ್ನ ಇಲ್ಲೇ ಕೆಡವಿ ಹೊಡೀಬೋದು ಕಣ್ ಭಾವ. ಅಕ್ಕ ಬ್ಯಾಡ ಅಂದ್ಲು. ಮೊದ್ಲು ಎಲ್ಲಾರ ಓಗಿ ಈ ಕ್ವಾಪಕ್ಕೆ ತೋರಿಸ್ಕೊಳಿ."

ಹುಣಸೂರಿನ ಆಸ್ಪತ್ರೆಯಲ್ಲಿ ಒಬ್ಬ ಆಪ್ತಸಮಾಲೋಚಕಿ ಇದ್ದರು. ಮೊದಲೆರಡು ಸಲ ಫೋನಿನಲ್ಲೇ ಮುಗಿಸಿದೆ. "ಈಗ ಕ್ವಾಪ ಬರಾಕಿಲ್ಲ ಮೇಡಂ" ಅಂದೆ. ಆ ಮಾತಾಡಿ ಅರ್ಧ ಗಂಟೆ ಆಗಿರಲಿಲ್ಲ, ಒದ್ದಿತೆಂದು ಎಮ್ಮೆಯ ಮೂತಿಗೆ ರಕ್ತ ಬರುವ ಹಾಗೆ ಹಗ್ಗದಲ್ಲಿ ಬಾರಿಸಿದ್ದೆ. ಫೋನಿಗೆ ಅದು ಹೇಗೆ ಕಾಣಬೇಕು? ಮೂರನೇ ಸಲ ಅವರು, "ಫೋನ್ ಸಾಕು. ಬಂದು ಎದುರಿಗೆ ಕೂತ್ಕೊಳ್ಳಿ" ಅಂದರು.

ಹೋದೆ. ಸಣ್ಣ ಕೋಣೆ, ಎರಡು ಕುರ್ಚಿ, ಒಂದು ಮೇಜು. ಆವತ್ತು ಏನಾಯಿತು ಅಂತ ಕೇಳಿದರು.

"ಒಂದೇಟು ಕೊಟ್ಟೆ, ಬಿದ್ಲು."

"ಒಂದೇನಾ?"

"ಒಂದೇಯ."

ಅವರು ನನ್ನ ಬಲಗೈ ನೋಡುತ್ತಿದ್ದರು. "ಹೇಳ್ತಾ ಹೇಳ್ತಾ ನಿಮ್ಮ ಮುಷ್ಟಿ ಮೂರು ಸಲ ತೊಡೆಗೆ ಹೊಡೀತು."

ಮೈಯೆಲ್ಲ ಉರಿದುಹೋಯಿತು. ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಮೇಜಿನ ಮೇಲಿದ್ದ ಗಾಜಿನ ಲೋಟ ಎತ್ತಿ ಗೋಡೆಗೆ ಬೀಸಿದೆ. ಒಂದು ಚೂರು ಅವರ ಹಣೆಗೆ ತಾಗಿ ರಕ್ತ ಇಳಿಯಿತು. ಅವರು ಬಾಗಿಲು ತೆರೆದು, ಅಲ್ಲೇ ನಿಂತರು. ಸೆರಗಿನಿಂದ ಹಣೆ ಒತ್ತಿಕೊಂಡರು.

"ನಂಗೆ ಭಯ ಆಗ್ತಿದೆ. ನನ್ನ ಮುಖ ನೋಡಿ."

ನೋಡಿದೆ. ಹನ್ನೊಂದು ವರ್ಷ ಸಂಸಾರ ಮಾಡಿದ್ದೇನೆ. ಹೊಡೆಯುವಾಗ ಹೆಂಡತಿಯ ಮುಖವನ್ನು ಒಂದು ಸಲವೂ ನೋಡಿರಲಿಲ್ಲ. ನೆಲದ ಮೇಲೆ ಕೂತೆ. ಯಾರಿಗೂ ಹೇಳದೇ ಇದ್ದದ್ದು ಬಾಯಿಗೆ ಬಂತು. ನಾಕೇಟು. ಮೂರನೆಯದಕ್ಕೆ ಮೂಳೆ ಮುರಿದ ಸದ್ದು ಕೇಳಿತ್ತು, ಆದರೂ ನಾಲ್ಕನೆಯದು ಹೊಡೆದೆ. ಕಾಲು ಹಿಡಿದು "ಬುಡಪ್ಪಾ" ಅಂತ ಅಳುತ್ತಿದ್ದ ಏಳು ವರ್ಷದ ಮಗಳನ್ನು ಒದ್ದೆ.

ಪೊಲೀಸರಿಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಮುಂದಿನ ವಾರವೂ ಬರಲು ಹೇಳಿದರು. ಆಮೇಲೆ ಬಾಗಿಲ ಹೊರಗೆ ಆಸ್ಪತ್ರೆಯ ಒಬ್ಬರು ಕೂತಿರುತ್ತಿದ್ದರು. ವರ್ಷವಿಡೀ ಬಸ್ಸು ಹತ್ತಿದೆ.

ಕೊನೆಕೊನೆಗೆ ಒಂದು ದಿನ ಹೆಂಡತಿಯೂ ತಮ್ಮನ ಜೊತೆ ಅಲ್ಲಿಗೆ ಬಂದಳು. ನಡೆದದ್ದೆಲ್ಲ ಅವಳ ಮುಖ ನೋಡಿಕೊಂಡೇ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ದಿಟ ಹೇಳಿದ್ರಿ. ಆದ್ರೆ ನಾನು ಬರಾಕಿಲ್ಲ."

ಅವಳು ಸರಗೂರಿನಲ್ಲೇ ಇದ್ದಾಳೆ. ತಿಂಗಳಿಗೊಮ್ಮೆ ಹೋಗಿ ಮಗಳನ್ನು ಜಗಲಿಯಲ್ಲಿ ಕೂತು ಮಾತಾಡಿಸಿ ಬರುತ್ತೇನೆ. ಹೋದ ತಿಂಗಳು ಮೊದಲ ಸಲ ಮಗಳು ಶಾಲೆಯ ಲೆಕ್ಕದ ಪುಸ್ತಕ ತಂದು ನನ್ನ ಪಕ್ಕ ಕೂತಳು.